ಗದಗಿನ ಸುತ್ತ ಎರಡು ದಿನ: ಕಲ್ಲು, ಕೋನ ಮತ್ತು ಕಡಕ್ ರೊಟ್ಟಿ

ಹಂಪಿಗೆ ಟ್ರಿಪ್ ಹೊರಡೋ ನಮ್ಮ ಬ್ಯಾಚ್‌ಗಳಿಗೆ ಗದಗ ಅಂದ್ರೆ ದಾರಿಯಲ್ಲಿ ಬರೋ ಒಂದು ಸ್ಟೇಷನ್, ಅಷ್ಟೇ. ಲಕ್ಕುಂಡಿ ಬರುವಾಗ ಬಸ್ಸಿನಲ್ಲಿ ಎಲ್ಲರೂ ನಿದ್ದೆಯಲ್ಲಿರ್ತಾರೆ. ಆದರೆ ಗದಗ-ಬೆಟಗೇರಿಯಲ್ಲಿ ಉಳಿದು ಎರಡು ದಿನ ಸುತ್ತಾಡಿದರೆ, ಕ್ಲಾಸಿನಲ್ಲಿ ಕಲಿತ ಎರಡು ವಿಷಯಗಳು ಕಣ್ಣೆದುರಿಗೆ ಬರುತ್ತವೆ: ವಸ್ತುವಿನ ಗುಣ ಮತ್ತು ಜ್ಯಾಮಿತಿ. ಜೊತೆಗೆ ಹೊಟ್ಟೆಯೂ ತುಂಬುತ್ತದೆ.

ಮೊದಲ ದಿನ ಬೆಳಿಗ್ಗೆ: ಲಕ್ಕುಂಡಿ

ಗದಗಿನಿಂದ ಸುಮಾರು 12 ಕಿ.ಮೀ. ಮೊದಲು ಬ್ರಹ್ಮ ಜಿನಾಲಯ ನೋಡಿ. ಇದನ್ನು 1007ರಲ್ಲಿ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳೂ ಇವಳೇ. ಐಹೊಳೆ, ಪಟ್ಟದಕಲ್ಲಿನ ಗುಡಿಗಳು ಮರಳುಗಲ್ಲಿನವು. ಇಲ್ಲಿ ಬಳಪದ ಕಲ್ಲು ಬಂತು. ಇದು ಮೃದು, ಕಣಗಳು ಸಣ್ಣ, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಹತ್ತಿರದ ಕಾಶಿ ವಿಶ್ವನಾಥ ಗುಡಿಯ ಬಾಗಿಲುವಾಡ ನೋಡಿದರೆ ಈ ಕಲ್ಲು ಏನೇನು ಮಾಡಲು ಬಿಟ್ಟಿತು ಅಂತ ಗೊತ್ತಾಗುತ್ತದೆ. ಕಲ್ಲು ಬದಲಾದ್ದರಿಂದ ಕೆತ್ತನೆಯ ಶೈಲಿಯೂ ಬದಲಾಯಿತು. ಹೊರಡುವ ಮುಂಚೆ ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ನೋಡೋದು ಮರೀಬೇಡಿ.

ಮಧ್ಯಾಹ್ನ: ಖಾನಾವಳಿ

ಗದಗಿಗೆ ವಾಪಸ್ ಬಂದು ಯಾವುದಾದರೂ ಖಾನಾವಳಿಗೆ ನುಗ್ಗಿ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು. ಇಲ್ಲೂ ವಸ್ತುವಿನ ಪಾಠವೇ. ಎರೆಭೂಮಿ ತೇವ ಹಿಡಿದಿಡುತ್ತದೆ, ಹಾಗಾಗಿ ಮಳೆ ನಿಂತ ಮೇಲೂ ಹಿಂಗಾರಿ ಜೋಳ ಬೆಳೆಯುತ್ತದೆ. ಜೋಳದಲ್ಲಿ ಗೋಧಿಯ ಹಾಗೆ ಗ್ಲುಟನ್ ಇಲ್ಲ, ತಣ್ಣೀರಲ್ಲಿ ಕಲಸಿದರೆ ಹಿಟ್ಟು ಒಡೆಯುತ್ತದೆ. ಬಿಸಿನೀರು ಹಾಕಿದಾಗ ಪಿಷ್ಟ ಅಂಟಾಗಿ ಹಿಟ್ಟು ಹಿಡಿದುಕೊಳ್ಳುತ್ತದೆ. ಆದರೂ ಲಟ್ಟಣಿಗೆಗಿಂತ ಕೈಯಲ್ಲಿ ತಟ್ಟೋದೇ ಇಲ್ಲಿನ ರೂಢಿ. ನೀರೆಲ್ಲ ಆರುವ ಹಾಗೆ ಸುಟ್ಟರೆ ಕಡಕ್ ರೊಟ್ಟಿ. ಅದು ವಾರಗಟ್ಟಲೆ ಕೆಡೋದಿಲ್ಲ. ಎರಡನೇ ದಿನಕ್ಕೆ ಒಂದು ಕಟ್ಟು ತಗೊಂಡು ಬ್ಯಾಗಿಗೆ ಹಾಕ್ಕೊಳ್ಳಿ.

ಸಂಜೆ: ಡಂಬಳ

ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ದೊಡ್ಡಬಸಪ್ಪ ಗುಡಿ ಇದೆ. ಒಳಗಿನ ದೊಡ್ಡ ಬಸವನಿಂದಲೇ ಆ ಹೆಸರು. ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರ. ಇದನ್ನು ಬರೆಯೋದು ಹೇಗೆ? ಒಂದು ಚೌಕ ಬರೆಯಿರಿ. ಅದರ ಕೇಂದ್ರ ಬದಲಿಸದೆ 15 ಡಿಗ್ರಿ ತಿರುಗಿಸಿ ಮತ್ತೊಂದು ಬರೆಯಿರಿ. ಹೀಗೆ ಒಟ್ಟು ಆರು ಚೌಕ. ಆರು ನಾಲ್ಕಲೆ ಇಪ್ಪತ್ನಾಲ್ಕು! 12ನೇ ಶತಮಾನದಲ್ಲಿ ನಮ್ಮ ಡ್ರಾಫ್ಟರ್ ಇರಲಿಲ್ಲ, ಆದರೂ ಲೆಕ್ಕ ಪಕ್ಕಾ ಇತ್ತು.

ಎರಡನೇ ದಿನ: ಮಾಗಡಿ, ಶಿರಹಟ್ಟಿ, ಲಕ್ಷ್ಮೇಶ್ವರ

ನವೆಂಬರ್‌ನಿಂದ ಫೆಬ್ರವರಿ ನಡುವೆ ಹೋದರೆ ಬೆಳಿಗ್ಗೆ ಬೇಗ ಮಾಗಡಿ ಕೆರೆಗೆ ಹೋಗಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಹೊಲಗಳಲ್ಲಿ ಮೇಯ್ದು, ಹಗಲು ಕೆರೆಯಲ್ಲಿ ಸುಧಾರಿಸಿಕೊಳ್ಳುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿದೆ. ಬ್ಲೂಟೂತ್ ಸ್ಪೀಕರ್, ಡ್ರೋನ್ ದಯವಿಟ್ಟು ಬೇಡ. ನಮ್ಮ ಒಂದು ರೀಲ್ಸ್‌ಗಾಗಿ ಅವುಗಳ ನಿದ್ದೆ ಹಾಳಾಗಬಾರದು.

ಅಲ್ಲಿಂದ ಶಿರಹಟ್ಟಿಯ ಫಕೀರೇಶ್ವರ ಮಠ. ಹಿಂದೂ-ಮುಸ್ಲಿಂ ಭಕ್ತರು ಒಟ್ಟಿಗೆ ನಡೆದುಕೊಳ್ಳುವ ಜಾಗ. ಆಮೇಲೆ ಲಕ್ಷ್ಮೇಶ್ವರ, ಅಂದರೆ ಪಂಪನ ಕನ್ನಡದ ಹಳೇ ಪುಲಿಗೆರೆ. ಸೋಮೇಶ್ವರ ಗುಡಿಯಲ್ಲಿ ಶಿವ-ಪಾರ್ವತಿ ನಂದಿಯ ಮೇಲೆ ಕೂತಿದ್ದಾರೆ. ಅಂಗಳದ ನೆರಳಲ್ಲಿ ಕೂತು ಸುಸ್ತು ಆರಿಸ್ಕೊಳ್ಳಿ. ಸಂಜೆಗೆ ಗಿರ್ಮಿಟ್, ಮಿರ್ಚಿ, ಚಾ.

ಒಂದು ಮಾತು ನೆನಪಿರಲಿ. ಇಂಥ ಊರುಗಳಲ್ಲಿ ಫೋಟೋ ಹೊಡ್ಕೊಂಡು, ಚಿಪ್ಸ್ ಪಾಕೀಟು ಬಿಸಾಕಿ ಹೊರಟರೆ ಊರಿಗೆ ಉಳಿಯೋದು ಕಸ ಮಾತ್ರ. ಅಲ್ಲೇ ಉಂಡು, ಅಲ್ಲೇ ಚಾ ಕುಡಿದರೆ ನಮ್ಮ ದುಡ್ಡು ರೊಟ್ಟಿ ತಟ್ಟುವ ಕೈಗೆ ಸೇರುತ್ತದೆ. ಗುಡಿ ಇದ್ದರೆ ನಮಗೂ ಲಾಭ ಅಂತ ಊರಿನವರಿಗೆ ಅನ್ನಿಸಿದರೇನೇ ಆ ಕಲ್ಲುಗಳೂ ಉಳಿಯೋದು.

ಅಭ್ಯಾಸ: ಹೊರಡುವ ಮುಂಚೆ ಆರು ಚೌಕಗಳ ನಕ್ಷತ್ರವನ್ನು ಹಾಳೆಯ ಮೇಲೆ ಬರೆಯಿರಿ. ಡಂಬಳದಲ್ಲಿ ಗೋಡೆಯ ಪಕ್ಕ ನಿಂತು ಒಂದೊಂದೇ ಮೂಲೆ ಎಣಿಸಿ, ಹಾಳೆಗೆ ತಾಳೆ ನೋಡಿ.