ಗಲ್ಲಾಪೆಟ್ಟಿಗೆ ಸಾಕ್ಷಿ ಹೇಳುವುದಿಲ್ಲ

ಅಂಗಡಿ, ವರ್ಕ್‌ಶಾಪು, ಕ್ಯಾಟರಿಂಗು ನಡೆಸುವವರು ಗೃಹಸಾಲಕ್ಕೆ ಹೋದರೆ ಬ್ಯಾಂಕಿನವರು ಮೊದಲು ನೋಡುವುದು ಆದಾಯ ತೆರಿಗೆ ರಿಟರ್ನ್. ತೆರಿಗೆ ಉಳಿಸಲೆಂದು ಲಾಭ ಇಳಿಸಿ ಬರೆಸಿದ್ದರೆ ಸಾಲದ ಮೊತ್ತವೂ ಇಳಿಯುತ್ತದೆ. ಸಣ್ಣ ವ್ಯಾಪಾರಿಗಳ ಅಂದಾಜು ತೆರಿಗೆ ಪದ್ಧತಿಯಲ್ಲಿ ಡಿಜಿಟಲ್ ವಹಿವಾಟಿಗೆ ಕನಿಷ್ಠ ಶೇ 6, ನಗದಿಗೆ ಶೇ 8 ಲಾಭ ತೋರಿಸಬೇಕು. ಬಹಳ ಮಂದಿ ಆ ಕನಿಷ್ಠಕ್ಕೇ ನಿಂತುಬಿಡುತ್ತಾರೆ. 40 ಲಕ್ಷದ ವಹಿವಾಟಿಗೆ ಶೇ 6 ಅಂದರೆ ವರ್ಷಕ್ಕೆ 2.40 ಲಕ್ಷ, ತಿಂಗಳಿಗೆ 20 ಸಾವಿರ. ಇದರಲ್ಲಿ ಮನೆ ನಡೆಸಿ ಕಂತು ಹೇಗೆ ಕಟ್ಟುತ್ತೀರಿ ಎಂದು ಮ್ಯಾನೇಜರ್ ಕೇಳಿದರೆ ಸಿಟ್ಟಾಗಬೇಡಿ, ನ್ಯಾಯವಾದ ಪ್ರಶ್ನೆಯೇ. ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚೇ ತೋರಿಸಿ. ಸಾಮಾನ್ಯವಾಗಿ ಎರಡು–ಮೂರು ವರ್ಷಗಳ ರಿಟರ್ನ್ ಕೇಳುತ್ತಾರೆ; ಹಾಗಾಗಿ ಈ ತಯಾರಿ ಸೈಟು, ಫ್ಲಾಟು ಹುಡುಕುವ ಮುಂಚೆಯೇ ಆಗಬೇಕು.

ಗಲ್ಲಾಪೆಟ್ಟಿಗೆಯಲ್ಲೇ ಉಳಿದ ದುಡ್ಡು ಬ್ಯಾಂಕಿನವರಿಗೆ ಕಾಣುವುದಿಲ್ಲ; ಹಾಗಾಗಿ ದಿನದ ವ್ಯಾಪಾರದ ನಗದನ್ನು ಕರೆಂಟ್ ಖಾತೆಗೆ ಕಟ್ಟುತ್ತಾ ಬನ್ನಿ.

ಕೈಯಲ್ಲೂ ಒಂದಿಷ್ಟಿರಲಿ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಮನೆ ಬೆಲೆಯ ಶೇ 80. ಉಳಿದದ್ದನ್ನು ನೀವೇ ಹಾಕಬೇಕು; ಮುದ್ರಾಂಕ, ನೋಂದಣಿ ಖರ್ಚು ಬೇರೆ.

ಬಡ್ಡಿ ಫ್ಲೋಟಿಂಗ್ ಇರಲಿ ಎನ್ನುವುದು ನನ್ನ ಸಲಹೆ. ವೈಯಕ್ತಿಕ ಹೆಸರಿನ ಅಂಥ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ; ದಸರಾ–ದೀಪಾವಳಿಯ ಒಳ್ಳೇ ವ್ಯಾಪಾರದ ದುಡ್ಡನ್ನು ನೇರ ಅಸಲಿಗೇ ಕಟ್ಟಬಹುದು.