ಕಾಲವರಿತ ವಿದ್ಯುತ್ ಬಳಕೆ: ಕೈಗಾರಿಕೆಗಳ ವೆಚ್ಚ ನಿಯಂತ್ರಣದ ಒಂದು ಮಾರ್ಗ

ಶಕ್ತಿಯೇ ಕೈಗಾರಿಕೆಯ ಜೀವಾಳ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದಂದಿನಿಂದ ಬಹುಕಾಲ ಕನ್ನಡ ನಾಡಿನ ವಿದ್ಯುತ್ತಿಗೆ ನೀರೇ ಮುಖ್ಯ ಆಧಾರವಾಗಿತ್ತು. ಜಲಾಶಯದ ನೀರನ್ನು ತಡೆದಿಟ್ಟು ಬೇಕಾದ ಹೊತ್ತಿಗೆ ಬಿಡಬಹುದು. ಬಿಸಿಲನ್ನು ಹಾಗೆ ತಡೆದಿಡಲಾಗದು. 2050 ಮೆಗಾವಾಟ್ ಸಾಮರ್ಥ್ಯದ ಪಾವಗಡದ ಸೌರ ಸ್ಥಾವರವು ನಡುಹಗಲಿನಲ್ಲಿ ಹೇರಳವಾಗಿ ಶಕ್ತಿ ನೀಡಿದರೂ, ಮನೆಮನೆಯಲ್ಲಿ ದೀಪ ಹೊತ್ತುವ ವೇಳೆಗೆ ಅದರ ಉತ್ಪಾದನೆ ನಿಂತಿರುತ್ತದೆ. ಆದ್ದರಿಂದ ಇಂದು ವಿದ್ಯುತ್ತನ್ನು ಎಷ್ಟು ಬಳಸಲಾಯಿತು ಎಂಬುದರಷ್ಟೇ, ಯಾವಾಗ ಬಳಸಲಾಯಿತು ಎಂಬುದೂ ಮುಖ್ಯವಾಗಿದೆ.

ಕೇಂದ್ರ ಸರ್ಕಾರವು 2023ರಲ್ಲಿ ತಿದ್ದುಪಡಿ ಮಾಡಿದ ನಿಯಮಗಳು ಈ ತತ್ತ್ವವನ್ನೇ ಅಂಗೀಕರಿಸಿವೆ. ಅವುಗಳ ಪ್ರಕಾರ ಸೌರ ವೇಳೆಯ ದರವು ಸಾಮಾನ್ಯ ದರಕ್ಕಿಂತ ಕನಿಷ್ಠ ಶೇಕಡಾ 20ರಷ್ಟು ಕಡಿಮೆಯಿರಬೇಕು. ಬೇಡಿಕೆ ಹೆಚ್ಚಿರುವ ವೇಳೆಯಲ್ಲಿ ಕೈಗಾರಿಕೆಗಳಿಗೆ ವಿಧಿಸುವ ದರವು ಸಾಮಾನ್ಯ ದರದ 1.2 ಪಟ್ಟಿಗೆ ಕಡಿಮೆಯಾಗಬಾರದು. ನಿಖರವಾದ ದರ ಹಾಗೂ ವೇಳೆಗಳನ್ನು ಗೊತ್ತುಪಡಿಸುವ ಅಧಿಕಾರ ಆಯಾ ರಾಜ್ಯದ ಆಯೋಗದ್ದು.

ಎರಕದ ಕಾರ್ಖಾನೆಗಳಿಗೆ ಹೆಸರಾದ ಬೆಳಗಾವಿಯಂಥ ಊರಿಗೆ ಇದರಿಂದ ಆಗುವ ಪರಿಣಾಮವನ್ನು ಪರಿಶೀಲಿಸಬಹುದು. ವಿದ್ಯುತ್ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣವನ್ನು ಕರಗಿಸಲು ಸುಮಾರು 600 ಯೂನಿಟ್ ಬೇಕು. ಸಾಮಾನ್ಯ ದರವು ಯೂನಿಟ್ಟಿಗೆ 7 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಮೇಲಿನ ನಿಯಮದಂತೆ ಹಗಲಿನ ದರ 5.60, ಬೇಡಿಕೆ ಹೆಚ್ಚಿರುವ ವೇಳೆಯ ದರ 8.40 ರೂಪಾಯಿ ಆಗುತ್ತದೆ. ಒಂದು ಟನ್ನಿಗೆ ಬರುವ ಅಂತರ 1680 ರೂಪಾಯಿ. ಕುಲುಮೆಯೂ ಅದೇ, ಲೋಹವೂ ಅದೇ; ಬದಲಾದುದು ವೇಳೆ ಮಾತ್ರ. ಅಲ್ಪ ಲಾಭದಲ್ಲಿ ನಡೆಯುವ ಸಣ್ಣ ಕಾರ್ಖಾನೆಗೆ ಇದು ಅಳಿವು ಉಳಿವಿನ ಪ್ರಶ್ನೆಯೇ ಆಗಬಹುದು.

ಎರಡನೆಯ ಅಂಶ ಗರಿಷ್ಠ ಬೇಡಿಕೆ. 15 ಅಥವಾ 30 ನಿಮಿಷಗಳ ಅವಧಿಗಳಲ್ಲಿ ಮೀಟರು ದಾಖಲಿಸುವ ಅತ್ಯಧಿಕ ಬೇಡಿಕೆಯೂ ತಿಂಗಳ ಬಿಲ್ಲಿನಲ್ಲಿ ಸೇರುತ್ತದೆ. ತಲಾ 500 ಕಿಲೋವಾಟಿನ ಎರಡು ಕುಲುಮೆಗಳು ಏಕಕಾಲಕ್ಕೆ ಪೂರ್ಣಶಕ್ತಿಯಿಂದ ನಡೆದರೆ ಬೇಡಿಕೆ 1000 ಕಿಲೋವಾಟ್. ಒಂದರಲ್ಲಿ ಲೋಹ ಕರಗುತ್ತಿರುವಾಗ ಇನ್ನೊಂದರಿಂದ ಎರಕ ಹೊಯ್ಯುವಂತೆ ಸರದಿ ಹೊಂದಿಸಿದರೆ ಅದು ಗಣನೀಯವಾಗಿ ಇಳಿಯುತ್ತದೆ. ಬೇಡಿಕೆ ಮಿತಿಯನ್ನು ಸಮೀಪಿಸಿದೊಡನೆ ಎಚ್ಚರಿಸುವ, ತುರ್ತಿಲ್ಲದ ಯಂತ್ರಗಳನ್ನು ತಾನಾಗಿಯೇ ತಡೆಹಿಡಿಯುವ ಉಪಕರಣಗಳು ಈಗ ಲಭ್ಯವಿವೆ.

ಆದರೆ ಎಲ್ಲ ಕೆಲಸಗಳನ್ನೂ ಮುಂದೂಡಲಾಗದು. ಕುಲುಮೆಯನ್ನು ತಂಪಾಗಿಡುವ ನೀರಿನ ಪಂಪು ನಿಂತರೆ ಅಪಾಯ. ಕರಗಿದ ಲೋಹವನ್ನು ಅಗ್ಗದ ವೇಳೆಗಾಗಿ ಕಾಯಿಸುತ್ತ ಕುಳಿತರೆ ಶಕ್ತಿ ವ್ಯರ್ಥ. ಮರಳು ಸಿದ್ಧಪಡಿಸುವಿಕೆ, ತೊಟ್ಟಿಗೆ ನೀರೇರಿಸುವಿಕೆ ಮೊದಲಾದವುಗಳ ವೇಳೆಯನ್ನು ಬದಲಿಸುವುದು ಸುಲಭ. ಕಾರ್ಮಿಕರ ಪಾಳಿಯನ್ನಾದರೋ ಅವರೊಡನೆ ಸಮಾಲೋಚಿಸಿಯೇ ಬದಲಿಸತಕ್ಕದ್ದು; ಕುಲುಮೆಯ ಉರಿಗೆ ನಡುಹಗಲಿನ ಬೇಗೆ ಸೇರಿದಾಗ ಗಾಳಿ, ಕುಡಿಯುವ ನೀರು, ವಿರಾಮಗಳ ಏರ್ಪಾಡು ಅವಶ್ಯ. ಯಜಮಾನನ ಉಳಿತಾಯವು ದುಡಿಯುವವನ ಆರೋಗ್ಯಕ್ಕೆ ಭಾರವಾಗಬಾರದು.

ಹೀಗೆ ಈ ಸುಧಾರಣೆಯ ಮೊದಲ ಹೆಜ್ಜೆ ಹೊಸ ಯಂತ್ರದ ಖರೀದಿಯಲ್ಲ. ಯಾವ ಯಂತ್ರ ಯಾವ ಗಳಿಗೆಯಲ್ಲಿ ಎಷ್ಟು ಶಕ್ತಿ ಬೇಡುತ್ತದೆಂಬ ನಿತ್ಯದ ಬರವಣಿಗೆ. ಒಂದು ತಿಂಗಳು ಶ್ರದ್ಧೆಯಿಂದ ಬರೆದಿಟ್ಟ ಅಂಥ ಲೆಕ್ಕವು, ಯಾವ ಕೆಲಸ ಕಾಯಬಲ್ಲದು, ಯಾವುದು ಕಾಯಲಾರದು ಎಂಬುದನ್ನು ತಾನೇ ತೋರಿಸಿಕೊಡುತ್ತದೆ.