ಒಂದು ಟ್ಯಾಂಕರ್, ಏಳು ಗಂಟೆ ಕರೆಂಟು: ಬರದ ಕಂಟ್ರೋಲ್ ರೂಮ್ ನಡೆಸೋದು ಹೇಗೆ?

ಪರಿಹಾರ ಕಾರ್ಯದ ಫೀಲ್ಡ್ ಆಫೀಸ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಸುಡಾನಿನ ಮರಳು, ಬಿಳಿ ಟೆಂಟು, ಬಾವುಟ ಕಟ್ಟಿದ ಜೀಪು. ಅಷ್ಟು ದೂರ ಹೋಗಬೇಕಿಲ್ಲ. ಬೆಂಗಳೂರಿಂದ ಪುಣೆ ಹೈವೇ ಹಿಡಿದು ಮೂರು ಗಂಟೆ ಬಂದರೆ ಹಿರಿಯೂರು ಸಿಗುತ್ತೆ. ಬರದ ವರ್ಷ ಅಲ್ಲಿನ ತಾಲ್ಲೂಕು ಕಚೇರಿಯ ಒಂದು ಕೋಣೆ, ಎರಡು ಫೋನು, ಒಂದು ರಿಜಿಸ್ಟರ್, ಗೋಡೆ ಮೇಲೊಂದು ಮ್ಯಾಪು ಸೇರಿದರೆ ಅದೇ ಫೀಲ್ಡ್ ಆಫೀಸ್. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆಯಲ್ಲೂ ಅಂಥದ್ದೇ ಒಂದೊಂದು. ಶಾಸಕರ ಅಧ್ಯಕ್ಷತೆಯ ಟಾಸ್ಕ್ ಫೋರ್ಸ್ ತೀರ್ಮಾನ ಮಾಡುತ್ತೆ. ತಹಶೀಲ್ದಾರ್, ಗ್ರಾಮೀಣ ನೀರು ಸರಬರಾಜಿನ ಎಂಜಿನಿಯರ್, ಪಶುವೈದ್ಯರು, ಪಿಡಿಒ ಸೇರಿ ಅದನ್ನ ನಡೆಸ್ತಾರೆ. ಇದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಲಿಯಬೇಕಾದ ಕೆಲಸ ಅಂತ ನಮಗನಿಸಿದ್ದಕ್ಕೇ ಈ ಪಾಠ.

ಮೊದಲು, ಬರ ಅಂತ ಹೇಳೋರು ಯಾರು? ಕಣ್ಣಿಗೆ ಕಂಡರೆ ಸಾಲದು. ಕೇಂದ್ರದ 2016ರ ಬರ ಕೈಪಿಡಿ ಪ್ರಕಾರ ಮೊದಲು ಮಳೆ ಕೊರತೆ ತೋರಿಸಬೇಕು. ಆಮೇಲೆ ಮಣ್ಣಿನ ತೇವ, ಉಪಗ್ರಹ ತೋರಿಸೋ ಹಸಿರು, ಕೆರೆ-ಜಲಾಶಯದ ಮಟ್ಟ ನೋಡಬೇಕು. ಕೊನೆಗೆ ಶೇ. 10ರಷ್ಟು ಹಳ್ಳಿಗಳಿಗೆ ಹೋಗಿ ಹೊಲ ನೋಡಿ ಬರಬೇಕು. ಮಳೆ ಲೆಕ್ಕ ಬರೋದು ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಸಂಸ್ಥೆ ಇದು. ಈಗ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದಾಗ ನಮ್ಮ ನಾಲ್ಕೂ ತಾಲ್ಲೂಕು ಪಟ್ಟಿಯಲ್ಲಿದ್ದವು.

ಇಲ್ಲೊಂದು ತಮಾಷೆ ನೋಡಿ. ಹಿಂದಿನ ವರ್ಷವೇ, 2022ರಲ್ಲಿ, ಮಾರಿಕಣಿವೆಯ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಿತ್ತು. 30 ಟಿಎಂಸಿ ಜಲಾಶಯ ತುಂಬಿ ತುಳುಕಿದ ಮರುವರ್ಷವೇ ಅದೇ ಹಿರಿಯೂರು ತಾಲ್ಲೂಕಿಗೆ ಬರ! ಹೊರಗಿನವರಿಗೆ ಇದು ಅರ್ಥ ಆಗಲ್ಲ. ಜಲಾಶಯದ ನೀರು ತಾನಾಗಿ ಎತ್ತರದ ಹಳ್ಳಿಗೆ ಹತ್ತಿಕೊಂಡು ಹೋಗಲ್ಲ. ಅದಕ್ಕೆ ಪೈಪು ಬೇಕು, ಪಂಪು ಬೇಕು, ಕರೆಂಟು ಬೇಕು. ಇಲ್ಲದ ಕಡೆ ಟ್ಯಾಂಕರ್.

ಹಾಗಾದ್ರೆ ಟ್ಯಾಂಕರ್ ಲೆಕ್ಕ ಹಾಕೋಣ. ಒಬ್ಬರಿಗೆ ದಿನಕ್ಕೆ ಎಷ್ಟು ನೀರು? ಜಲ ಜೀವನ್ ಮಿಷನ್ ಗುರಿ 55 ಲೀಟರ್. ತುರ್ತು ಪರಿಸ್ಥಿತಿಗೆ ಜಗತ್ತಿನಾದ್ಯಂತ ಬಳಸೋ ಸ್ಫಿಯರ್ ಮಾನದಂಡದಲ್ಲಿ ಕನಿಷ್ಠ 15 ಲೀಟರ್. ಈ ಮಾನದಂಡದ ಹಿಂದೆ ಒಂದು ಕಹಿ ಕಥೆ ಇದೆ. 1994ರಲ್ಲಿ ರುವಾಂಡಾದಿಂದ ಓಡಿಬಂದ ನಿರಾಶ್ರಿತರು ಗೋಮಾ ಊರಿನ ಸುತ್ತ ಬೀಡುಬಿಟ್ಟಾಗ ಕಾಲರಾ ಬಂದು ಹತ್ತಾರು ಸಾವಿರ ಜನ ಸತ್ತರು. ಸಹಾಯಕ್ಕೆ ಹೋದ ಸಂಸ್ಥೆಗಳು ಕಡಿಮೆ ಇರಲಿಲ್ಲ. ಎಲ್ಲರೂ ಒಪ್ಪಿದ ಅಳತೆಯೇ ಇರಲಿಲ್ಲ. 1997ರಲ್ಲಿ ಸ್ಫಿಯರ್ ಶುರುವಾದದ್ದು ಆ ಅನುಭವದಿಂದ. ಒಂದು ನಲ್ಲಿಗೆ 250 ಜನ, ಮನೆಯಿಂದ ನೀರಿಗೆ 500 ಮೀಟರ್, ಸಾಲಲ್ಲಿ ಕಾಯೋದು ಅರ್ಧ ಗಂಟೆ, ಇವುಗಳನ್ನ ಮೀರಬಾರದು ಅನ್ನುತ್ತೆ ಅದು.

ಲೆಕ್ಕಕ್ಕೆಂದು ಒಂದು ಹಳ್ಳಿ ಇಟ್ಟುಕೊಳ್ಳೋಣ: 1,200 ಜನ, 200 ದನ, 600 ಕುರಿ. ಜನಕ್ಕೆ ತಲಾ 15ರಂತೆ 18,000 ಲೀಟರ್. ದನಕ್ಕೆ 30ರಂತೆ 6,000. ಕುರಿಗೆ 5ರಂತೆ 3,000. ಒಟ್ಟು 27,000 ಲೀಟರ್. ದನ-ಕುರಿಯ ಲೆಕ್ಕ ಬಿಟ್ಟರೆ ಏನಾಗುತ್ತೆ ಅಂತ ಹಳ್ಳಿಯವರನ್ನ ಕೇಳಿ. ಜನ ತಮ್ಮ ಪಾಲಿನದ್ದನ್ನೇ ದನಕ್ಕೆ ಕೊಡ್ತಾರೆ. ನಮ್ಮ ಪ್ರಕಾರ ಈ ಕಾಲಂ ಇಲ್ಲದ ನೀರಿನ ರಿಜಿಸ್ಟರ್ ಸುಳ್ಳು ರಿಜಿಸ್ಟರ್.

ಟ್ಯಾಂಕರ್ 6,000 ಲೀಟರಿಂದು, ಅಂದರೆ ಐದು ಟ್ರಿಪ್. ಬಾಡಿಗೆಗೆ ಪಡೆದ ಖಾಸಗಿ ಬೋರ್‌ವೆಲ್ ಗಂಟೆಗೆ 4,000 ಲೀಟರ್ ಕೊಡುತ್ತೆ ಅಂದುಕೊಳ್ಳಿ. ತುಂಬೋಕೆ 90 ನಿಮಿಷ, ಹೋಗೋಕೆ 40, ಇಳಿಸೋಕೆ 20, ವಾಪಸ್ 40. ಒಂದು ಸುತ್ತಿಗೆ ಮೂರು ಗಂಟೆ ಹತ್ತು ನಿಮಿಷ, ಐದು ಸುತ್ತಿಗೆ ಹದಿನಾರು ಗಂಟೆ ಹತ್ತಿರ. ಒಬ್ಬ ಡ್ರೈವರ್ ಕೈಲಿ ಆಗದ ಕೆಲಸ. ಇಂಥ ಹೊತ್ತಲ್ಲಿ ಎಲ್ಲರ ಬಾಯಲ್ಲೂ ಬರೋದು, ‘ಇನ್ನೊಂದು ಟ್ಯಾಂಕರ್ ಕೊಡಿಸಿ ಸಾರ್’.

ಬೇಕಿಲ್ಲ. ಬೋರ್‌ವೆಲ್ ಪಕ್ಕ ಒಂದು ದೊಡ್ಡ ತೊಟ್ಟಿ ಇಟ್ಟು, ಬೋರಿನ ನೀರು ಅದಕ್ಕೆ ಬೀಳಲಿ. ಟ್ಯಾಂಕರ್ ಬಂದಾಗ ತೊಟ್ಟಿಯಿಂದ ಪಂಪ್ ಹಾಕಿ 15 ನಿಮಿಷದಲ್ಲಿ ತುಂಬಿ. ಸುತ್ತು 115 ನಿಮಿಷಕ್ಕೆ ಇಳಿಯುತ್ತೆ, ಐದು ಸುತ್ತು ಹತ್ತು ಗಂಟೆಯೊಳಗೆ. ಅದೇ ಒಂದು ಟ್ಯಾಂಕರಲ್ಲಿ ಕೆಲಸ ಮುಗೀತು. ಆದರೆ 27,000 ಲೀಟರ್ ಎತ್ತೋಕೆ ಬೋರು ಆರೂ ಮುಕ್ಕಾಲು ಗಂಟೆ ಓಡಬೇಕು. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟು ಸಿಗೋದು ಏಳು ಗಂಟೆ. ಕಾಲು ಗಂಟೆ ಉಳಿಯಿತು ನೋಡಿ! ಒಂದು ದಿನ ಲೈನ್ ಟ್ರಿಪ್ ಆದರೆ ಕೊನೆ ಸುತ್ತು ಹೋಯ್ತು. ಬಾಟಲ್‌ನೆಕ್ ಅಂತ ನಾವು ಪರೀಕ್ಷೆಗೆ ಓದೋದು ಇದನ್ನೇ. ಕೊರತೆ ಟ್ಯಾಂಕರಿಂದಲ್ಲ, ಕರೆಂಟಿಂದು. ಹಾಗಾಗಿ ಕಂಟ್ರೋಲ್ ರೂಮಲ್ಲಿ ಬೆಸ್ಕಾಂನವರು ಕೂರದಿದ್ದರೆ ನೀರಿನ ಕೆಲಸ ನಡೆಯಲ್ಲ. ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೂ ತೊಟ್ಟಿ ಇದ್ದರೆ ನಷ್ಟ ಇಲ್ಲ.

ನೀರು ತಲುಪಿದ ಮೇಲೂ ಕೆಲಸ ಇದೆ. ನಮ್ಮ ಜಿಲ್ಲೆಯ ಆಳದ ಬೋರ್‌ಗಳಲ್ಲಿ ಫ್ಲೋರೈಡ್ ತೊಂದರೆ ಹಳೇದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯೋಕೆ ಬಾರದು. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯೇ ಆಗುತ್ತೆ. ಆದ್ದರಿಂದ ಬೋರ್ ಬಾಡಿಗೆಗೆ ಹಿಡಿಯೋ ಮೊದಲು ನೀರು ಪರೀಕ್ಷೆ. ಫ್ಲೋರೈಡ್ ಇರೋ ಬೋರು ದನಕ್ಕೆ, ಬಟ್ಟೆಗೆ, ಕುಡಿಯೋಕೆ ಬೇರೆ. ಇನ್ನು ಕ್ಲೋರಿನ್: 6,000 ಲೀಟರಿಗೆ ಲೀಟರಿಗೆ 2 ಮಿಲಿಗ್ರಾಂನಂತೆ 12 ಗ್ರಾಂ. ಶೇ. 33 ಶಕ್ತಿಯ ಬ್ಲೀಚಿಂಗ್ ಪೌಡರ್ ಆದರೆ 36 ಗ್ರಾಂ. ಪಂಚಾಯ್ತಿ ಗೋಡೌನಲ್ಲಿ ಬಾಯಿ ತೆರೆದು ಬಿದ್ದ ಚೀಲದ ಪೌಡರ್ ಆದರೆ ಶಕ್ತಿ ಎಷ್ಟು ಉಳಿದಿದೆಯೋ ದೇವರೇ ಬಲ್ಲ. ಅದಕ್ಕೇ ಅರ್ಧ ಗಂಟೆ ಬಿಟ್ಟು, ಉಳಿದ ಕ್ಲೋರಿನ್ 0.2 ಮಿಲಿಗ್ರಾಂ ಇದೆಯಾ ಅಂತ ಕೊನೆಯ ಮನೆಯ ಕೊಡದಲ್ಲಿ ನೋಡಬೇಕು.

ಮೇವಿನ ಕಥೆ ಬೇರೆ. ರಾಜ್ಯ ವಿಪತ್ತು ನಿಧಿಯ 2022-26ರ ನಿಯಮದಲ್ಲಿ ಶಿಬಿರದ ದೊಡ್ಡ ಜಾನುವಾರಿಗೆ ದಿನಕ್ಕೆ 80 ರೂಪಾಯಿ, ಸಣ್ಣದಕ್ಕೆ 45. ದನಕ್ಕೆ 5 ಕೆಜಿ ಒಣಮೇವು ಅಂದರೂ ಸಾವಿರ ದನಕ್ಕೆ ದಿನಕ್ಕೆ 5 ಟನ್. ಗೋಶಾಲೆ ತೆರೆದರೆ ರೈತನೂ ಅಲ್ಲೇ ದನದ ಜೊತೆ ಬಿಡಾರ ಹೂಡಬೇಕು. ಎರಡು ದನ ಇರೋ ಒಂಟಿ ಅಜ್ಜಿಗೆ ಅದು ಆಗದ ಮಾತು. ಅವಳಿಗೆ ಮನೆ ಹತ್ತಿರದ ಮೇವಿನ ಬ್ಯಾಂಕೇ ಸರಿ. ಫೋಟೋಗೆ ಗೋಶಾಲೆ ಚೆನ್ನಾಗಿ ಕಾಣುತ್ತೆ, ಅದು ಬೇರೆ ವಿಷಯ.

ಎಲ್ಲಕ್ಕಿಂತ ಕಷ್ಟದ ಕೆಲಸ ಪಟ್ಟಿ. ಟ್ಯಾಂಕರ್ ಊರಿನ ಮಧ್ಯದ ಸಿಸ್ಟನ್‌ಗೆ ನೀರು ಸುರಿದು ಹೋಗುತ್ತೆ. ಗೊಲ್ಲರಹಟ್ಟಿ ಊರಿಂದ ಒಂದೂವರೆ ಕಿಲೋಮೀಟರ್ ಆಚೆ, ತಾಂಡಾ ಇನ್ನೊಂದು ದಿಕ್ಕಿಗೆ. ರಿಜಿಸ್ಟರಲ್ಲಿ ಹಟ್ಟಿಯೂ ಊರಿನ ಹೆಸರಲ್ಲೇ ಇರೋದರಿಂದ ‘ನೀರು ಕೊಡಲಾಗಿದೆ’ ಅಂತ ಟಿಕ್ ಬೀಳುತ್ತೆ. ಜಿಪಿಎಸ್ ಟ್ಯಾಂಕರ್ ಎಲ್ಲಿ ನಿಂತಿತು ಅಂತ ಹೇಳುತ್ತೆ, ಯಾರ ಕೊಡ ತುಂಬಿತು ಅಂತ ಹೇಳಲ್ಲ. ಹಟ್ಟಿ, ತಾಂಡಾಗಳಿಗೆ ರಿಜಿಸ್ಟರಲ್ಲಿ ಬೇರೆ ಸಾಲು ಕೊಡದೆ ಈ ತಪ್ಪು ಹೋಗಲ್ಲ.

ಹಣದ ಪಟ್ಟಿಯಲ್ಲೂ ಇದೇ ಗೋಳು. ಅದೇ 2022-26ರ ನಿಯಮದಲ್ಲಿ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹೋದರೆ ಮಳೆಯಾಶ್ರಿತ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ತೆಂಗು-ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500. ಎರಡು ಹೆಕ್ಟೇರ್ ಮಿತಿ. ದುಡ್ಡು ಫ್ರೂಟ್ಸ್ ಐಡಿ ನೋಡಿ ನೇರ ಖಾತೆಗೆ ಬೀಳುತ್ತೆ. ಮಧ್ಯವರ್ತಿ ಕಾಟ ತಪ್ಪಿತು, ನಿಜ. ಆದರೆ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದ್ದರೆ? ಹೊಲ ಗುತ್ತಿಗೆಗೆ ಮಾಡಿದವನಾದರೆ? ಬಿತ್ತಿದವನೊಬ್ಬ, ಖಾತೆ ಇನ್ನೊಬ್ಬನದು. ಪೌತಿ ಖಾತೆ ಬರದ ವರ್ಷ ಶುರು ಮಾಡಿದರೆ ಮುಗಿಯೋದು ಮುಂದಿನ ಮಳೆಗೆ. ಅದು ಒಳ್ಳೆ ಮಳೆಯ ವರ್ಷ ಮಾಡಬೇಕಾದ ಕೆಲಸ.

1876-78ರ ಮಹಾ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಐದನೇ ಒಂದು ಭಾಗದಷ್ಟು ಕಳೆದುಕೊಂಡಿತು. ಆಗ ಚಿತ್ರದುರ್ಗದ ಕಡೆಗೆ ರೈಲೇ ಇರಲಿಲ್ಲ. ಬೆಂಗಳೂರಿನವರೆಗೆ ಬಂದ ಧಾನ್ಯ ಮುಂದೆ ಎತ್ತಿನ ಗಾಡಿಯಲ್ಲಿ ಬರಬೇಕು, ಎತ್ತಿಗೇ ಮೇವಿಲ್ಲ. ಇವತ್ತು ಹಿರಿಯೂರು ಎರಡು ಹೆದ್ದಾರಿ ಕೂಡೋ ಜಾಗ, ಸಾಮಾನು ತಾಲ್ಲೂಕಿನವರೆಗೆ ಬರೋದು ಕಷ್ಟವಲ್ಲ. ತಾಲ್ಲೂಕಿಂದ ಹಟ್ಟಿಯವರೆಗಿನ ಹತ್ತು-ಹನ್ನೆರಡು ಕಿಲೋಮೀಟರೇ ಕಷ್ಟ.

ಕೊನೆಗೆ, ಆಫೀಸ್ ಮುಚ್ಚೋದು ಯಾವಾಗ? ಮೊದಲ ಮಳೆ ಬಿದ್ದ ಕೂಡಲೇ ಟ್ಯಾಂಕರ್ ನಿಲ್ಲಿಸೋ ಆತುರ ಎಲ್ಲರಿಗೂ ಇರುತ್ತೆ. ಬಿಲ್ ಉಳೀತದೆ ನೋಡಿ. ಆದರೆ ಒಂದು ಮಳೆಗೆ ಆಳದ ಬೋರು ತುಂಬಲ್ಲ, ಮೇವು ಚಿಗುರೋಕೂ ವಾರಗಳು ಬೇಕು. ಒಡೆದ ಪೈಪಿನೊಳಗೆ ಚರಂಡಿ ನೀರು ನುಗ್ಗೋದೂ ಇದೇ ಹೊತ್ತಲ್ಲಿ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಹಾಗಾಗಿ ಮಳೆ ಶುರುವಾದ ಮೇಲೂ ಕ್ಲೋರಿನ್ ನೋಡೋ ಹುಡುಗ ಕೊಡದಿಂದ ಕೊಡಕ್ಕೆ ಓಡಾಡ್ತಿರಬೇಕು, ಕಂಟ್ರೋಲ್ ರೂಮಿನ ಫೋನು ಎತ್ತೋಕೆ ಒಬ್ಬರಾದರೂ ಇರಬೇಕು.